‘ಪೇಷಂಟ್ ಮಾತು ಕೇಳಲ್ಲ’ ಅಂತ ಬರೆಯುವ ಮುಂಚೆ

ಚಿಕ್ಕಮಗಳೂರು ಜಿಲ್ಲೆಗೆ ಹೊಸದಾಗಿ ಪೋಸ್ಟಿಂಗ್ ಆಗಿ ಬಂದಿರುವ ನರ್ಸ್‌ಗಳಿಗೆ ಇದು. ಜಿಲ್ಲೆ ಒಂದೇ, ಆದರೆ ಕಡೂರಿನ ಬಯಲುಸೀಮೆ ತಾಂಡಾ ಬೇರೆ, ಕೊಪ್ಪದ ಅಡಿಕೆ ತೋಟ ಬೇರೆ, ಮೂಡಿಗೆರೆಯ ಎಸ್ಟೇಟಿನ ಲೈನ್ ಮನೆ (ಕೂಲಿಯವರ ಸಾಲು ಮನೆ) ಬೇರೆ. ಲೈನ್ ಮನೆಗಳಲ್ಲಿ ಈಗ ಅಸ್ಸಾಂ, ಜಾರ್ಖಂಡ್‌ನಿಂದ ಬಂದವರೂ ಇದ್ದಾರೆ. ಎಲ್ಲರಿಗೂ ಒಂದೇ ಸಲಹೆ ಕೊಟ್ಟು, ಅದು ನಡೆಯದಿದ್ದಾಗ ‘ಮಾತು ಕೇಳಲ್ಲ’ ಅಂದುಬಿಡುವುದು ಸುಲಭ. ನನ್ನ ಪ್ರಕಾರ ಹತ್ತರಲ್ಲಿ ಎಂಟು ಸಲ ಅಡ್ಡ ಬರುವುದು ಹಟವೂ ಅಲ್ಲ, ಮೂಢನಂಬಿಕೆಯೂ ಅಲ್ಲ. ಬಸ್ಸು, ಕೂಲಿ, ಆನೆ.

ಆನೆ ಅಂದದ್ದು ತಮಾಷೆಗಲ್ಲ. ‘ಬೆಳಿಗ್ಗೆ ಏಳಕ್ಕೆ ಖಾಲಿ ಹೊಟ್ಟೇಲಿ ಬನ್ನಿ, ಶುಗರ್ ನೋಡೋಣ’ ಅಂತ ಆಲ್ದೂರು ಕಡೆಯ ತೋಟದವರಿಗೆ ಹೇಳ್ತೀರಿ. ಏಳಕ್ಕೆ ಇಲ್ಲಿರಬೇಕಾದರೆ ಅವರು ಕತ್ತಲಲ್ಲೇ ಹೊರಡಬೇಕು. ಆನೆ ಹಿಂಡು ಓಡಾಡೋ ದಾರಿಯಲ್ಲಿ ಕತ್ತಲಲ್ಲಿ ಯಾರು ನಡೀತಾರೆ? ಬರಲ್ಲ. ಎಚ್‌ಬಿಎ1ಸಿ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ, ಯಾವ ಹೊತ್ತಿಗೆ ಬಂದರೂ ಆಗುತ್ತೆ, ಮೂರು ತಿಂಗಳ ಶುಗರ್‌ನ ಸರಾಸರಿಯೂ ಸಿಗುತ್ತೆ. ಆ ಸೌಲಭ್ಯ ಇದ್ದರೆ ಡಾಕ್ಟರ್ ಹತ್ತಿರ ಅದನ್ನೇ ಬರೆಸಿ. ಮುಂದಿನ ತಾರೀಖು ಕೊಡುವಾಗ ಕ್ಯಾಲೆಂಡರ್ ನೋಡಬೇಡಿ, ‘ನಿಮ್ಮ ಸಂತೆ ಯಾವತ್ತು?’ ಅಂತ ಕೇಳಿ. ತೋಟಕ್ಕೆ ರಜ ಇದ್ದು, ಹೇಗೂ ಪೇಟೆಗೆ ಬರುವ ದಿನ ಅದು. ಕಾಫಿ ಕುಯ್ಲಿನ ಸಮಯದಲ್ಲಂತೂ ಕೆ.ಜಿ. ಲೆಕ್ಕದಲ್ಲಿ ದುಡ್ಡು ಸಿಗೋದರಿಂದ ‘ಒಂದು ವಾರ ರೆಸ್ಟ್ ಮಾಡಿ’ ಅಂದರೆ ವರ್ಷದ ಒಳ್ಳೆ ಕೂಲಿಯ ವಾರ ಬಿಡಿ ಅಂದ ಹಾಗೆ. ಏನು ಮಾಡಬಾರದು ಅನ್ನೋದನ್ನ ಬಿಡಿಸಿ ಹೇಳಿ: ‘ಮೂಟೆ ಹೊರಬೇಡಿ, ಏಣಿ ಹತ್ತಬೇಡಿ, ನಿಂತು ಹಣ್ಣು ಕುಯ್ಯಬಹುದಾ ಅನ್ನೋದನ್ನ ಡಾಕ್ಟರ್ ಹತ್ತಿರ ಕೇಳಿ ಹೇಳ್ತೀನಿ.’

ಮಾತು ದಾಟಿಸುವವರು ಯಾರು?

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತೆ. ಹೊರರಾಜ್ಯದ ಹೆಂಗಸನ್ನ ಆಸ್ಪತ್ರೆಗೆ ಕರೆತರುವವರು ಬಹಳ ಸಲ ಮೇಸ್ತ್ರಿ ಅಥವಾ ತೋಟದ ರೈಟರ್ (ಲೆಕ್ಕ ಬರೆಯುವವರು). ಜೀಪೂ ಅವರದ್ದೇ, ಹಿಂದಿ ಬರುವುದೂ ಅವರಿಗೇ. ನಾವು ಕೇಳುತ್ತೇವೆ, ಅವರೇ ಉತ್ತರ ಹೇಳುತ್ತಾರೆ, ಆಕೆ ನೆಲ ನೋಡುತ್ತಾ ಕೂತಿರುತ್ತಾಳೆ. ಕೆಲಸ ಕೊಡುವವನ ಮುಂದೆ ಬಿಳಿ ಹೋಗೋದು, ಮುಟ್ಟು ನಿಂತಿದ್ದು, ವಾರಗಟ್ಟಲೆ ಕೆಮ್ಮು ಇರೋದು ಯಾರಾದರೂ ಹೇಳ್ತಾರಾ? ಟಿಬಿ ಅಂತ ಗೊತ್ತಾದರೆ ಲೈನ್ ಮನೆ ಖಾಲಿ ಮಾಡಿಸ್ತಾರೇನೋ ಅನ್ನೋ ಭಯವೂ ಇರುತ್ತೆ. ಹಾಗಂತ ಜೊತೆಗೆ ಬಂದ ಹತ್ತು ವರ್ಷದ ಮಗನ ಬಾಯಲ್ಲಿ ಅಮ್ಮನ ರಕ್ತಸ್ರಾವದ ವಿಷಯ ಹೇಳಿಸುವುದೂ ಬೇಡ.

‘ಅಣ್ಣಾ, ಚೀಟಿ ಮಾಡಿಸ್ಕೊಂಡು ಬನ್ನಿ’ ಅಂತ ರೈಟರನ್ನ ಹೊರಗೆ ಕಳಿಸಿ. ಹಿಂದಿ ಅಥವಾ ಬಂಗಾಳಿ ಬರುವ ಸಹೋದ್ಯೋಗಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ, ಬಾಗಿಲು ಮುಚ್ಚಿ. ಅವರೂ ಸಿಗದಿದ್ದರೆ ಫೋನಿನ ಅನುವಾದ ಆ್ಯಪ್ ಇದೆ, ಆದರೆ ಚಿಕ್ಕ ಚಿಕ್ಕ ವಾಕ್ಯ ಮಾತ್ರ, ಔಷಧದ ಅಳತೆಗೆ ಅದನ್ನ ನಂಬಬೇಡಿ. ಮಾತಾಡುವಾಗ ಕಣ್ಣು ಆಕೆಯ ಮೇಲಿರಲಿ, ಫೋನಿನ ಮೇಲಲ್ಲ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳ್ತೀನಿ. ಜೀಪಿಂದ ಇಳಿದವರಿಗೆ ‘ಬನ್ನಿ ಸಾರ್’, ಹರಿದ ಸ್ವೆಟರ್ ಹಾಕಿದವರಿಗೆ ‘ಏಯ್, ಆಚೆ ಕೂತ್ಕೋ’ ಅನ್ನುವ ಚಾಳಿ ನಮ್ಮ ವಾರ್ಡುಗಳಲ್ಲಿ ಇದೆ. ಏಕವಚನ ಕೇಳಿದವರು ಅರ್ಧ ಕಾಯಿಲೆ ಹೇಳಿ ಎದ್ದು ಹೋಗ್ತಾರೆ. ಬಹುವಚನಕ್ಕೆ ದುಡ್ಡು ಕೊಡಬೇಕಾಗಿಲ್ಲ ಅಲ್ವಾ.

ಬಾಣಂತನದ ಪಟ್ಟಿ

ರೋಗಿಯ ಸಂಸ್ಕೃತಿಗೆ ತಕ್ಕ ಆರೈಕೆಯ ಸಿದ್ಧಾಂತ ಕೊಟ್ಟ ನರ್ಸ್ ಮ್ಯಾಡೆಲಿನ್ ಲೈನಿಂಗರ್ ಹೆಸರನ್ನ ಪರೀಕ್ಷೆಗೆ ಉರು ಹೊಡೆದಿರ್ತೀರಿ. ಸರಳವಾಗಿ ಹೇಳಿದರೆ ಆಕೆ ಮೂರು ದಾರಿ ಕೊಟ್ಟಿದ್ದಾರೆ: ಇರುವ ಪದ್ಧತಿ ಉಳಿಸಿಕೊಳ್ಳಿ, ಬೇಕಾದರೆ ಹೊಂದಿಸಿಕೊಳ್ಳಿ, ಅಪಾಯ ಇದ್ದರೆ ಬದಲಿಸಿ. ಬಾಣಂತಿ ವಾರ್ಡಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತೆ.

ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ, ಮೆಣಸು ಬೆಳ್ಳುಳ್ಳಿ ಸಾರು: ಬಿಡಿ, ಸುಮ್ನೆ ವಾದ ಮಾಡಬೇಡಿ. ಕಾಡಿಗೆ ಕಣ್ಣಿಗೆ ಬೇಡ, ದೃಷ್ಟಿ ಬೊಟ್ಟು ಅಂಗಾಲಿಗೆ ಇಡಿ. ಸಾಂಬ್ರಾಣಿ ಹೊಗೆ ಮಗು ಇರುವ ಕೋಣೆಯಲ್ಲಿ ಬೇಡ. ಬಾಣಂತಿಗೆ ನೀರು ಕಡಿಮೆ ಕೊಡೋದು, ಮೊದಲ ಹಳದಿ ಹಾಲು ಹಿಂಡಿ ಚೆಲ್ಲೋದು, ಹುಟ್ಟಿದ ಮಗುವಿಗೆ ಜೇನುತುಪ್ಪ ನೆಕ್ಕಿಸೋದು: ಇವು ನಿಲ್ಲಲೇಬೇಕು. ಜೇನು ಒಂದು ವರ್ಷದ ತನಕ ಬೇಡವೇ ಬೇಡ, ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ. ಇದನ್ನೆಲ್ಲ ಬಾಣಂತಿಗೆ ಹೇಳಿ ಪ್ರಯೋಜನ ಇಲ್ಲ, ಮನೆಯಲ್ಲಿ ಮಾತು ನಡೆಯೋದು ಅವಳ ಅಮ್ಮನದ್ದು ಇಲ್ಲಾ ಅತ್ತೆಯದ್ದು. ‘ಅಮ್ಮಾ, ನೀವು ಎಷ್ಟು ಬಾಣಂತನ ಮಾಡಿದೀರಿ, ಏನೇನು ಕೊಡ್ತೀರಿ ಹೇಳಿ’ ಅಂತ ಶುರು ಮಾಡಿ. ಅವರದ್ದೆಲ್ಲ ಕೇಳಿ, ಒಳ್ಳೆಯದನ್ನ ಒಳ್ಳೆಯದು ಅಂದ ಮೇಲೆ ಎರಡು ಬದಲಾವಣೆ ಕೇಳಿದರೆ ಒಪ್ಪುತ್ತಾರೆ.

ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿ ಮತ್ತು ಮಗುವನ್ನ ಹಟ್ಟಿಯ ಹೊರಗೆ ಗುಡಿಸಲಲ್ಲಿ ಇಡುವ ಸೂತಕ ಇನ್ನೂ ಇದೆ. 2023ರಲ್ಲಿ ತುಮಕೂರು ಜಿಲ್ಲೆಯಲ್ಲಿ ಹಾಗಿದ್ದ ಹಸುಗೂಸು ತೀರಿಕೊಂಡಿತು. ಇಲ್ಲಿ ಹೊಂದಾಣಿಕೆ ಇಲ್ಲ. ಡಿಸ್ಚಾರ್ಜ್‌ಗೆ ಮುಂಚೆಯೇ ಆಶಾ ಕಾರ್ಯಕರ್ತೆಗೂ ತಾಲ್ಲೂಕು ಆರೋಗ್ಯಾಧಿಕಾರಿಗೂ ತಿಳಿಸಿ.

ನಾಟಿ ಮದ್ದು

ಸರ್ಪಸುತ್ತು ಆದರೆ ಮೊದಲು ಕೆಮ್ಮಣ್ಣು ಹಚ್ಚಿಸಿಕೊಂಡೇ ಬರುತ್ತಾರೆ. ನಗಬೇಡಿ. ನಕ್ಕರೆ ಮುಂದಿನ ಸಲ ಮುಚ್ಚಿಡ್ತಾರೆ, ಬರುವುದೂ ತಡ ಆಗುತ್ತೆ. ವೈರಸ್ ತಡೆಯುವ ಮಾತ್ರೆ ಗುಳ್ಳೆ ಕಾಣಿಸಿದ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಉಪಯೋಗ, ಹಾಗಾಗಿ ತಡ ಆಗದ ಹಾಗೆ ನೋಡಿಕೊಳ್ಳುವುದೇ ನಮ್ಮ ಕೆಲಸ. ‘ಯಾವತ್ತು ಎದ್ದಿದ್ದು? ಏನು ಹಚ್ಚಿದ್ರಿ?’ ಅಷ್ಟು ಸಾಕು. ಕಣ್ಣಿನ ಹತ್ತಿರ ಅಥವಾ ಮೂಗಿನ ತುದಿಯಲ್ಲಿ ಇದ್ದರೆ ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಕಳಿಸಿ.

ಊಟದ ಚಾರ್ಟ್ ಬಗ್ಗೆ ಒಂದೇ ಮಾತು: ಓಟ್ಸ್ ಬರೆದು ಕೊಡಬೇಡಿ. ಬಯಲುಸೀಮೆಯವರಿಗೆ ಮುದ್ದೆ ಚಿಕ್ಕದು ಮಾಡಿ ಸೊಪ್ಪಿನ ಸಾರು ಜಾಸ್ತಿ ಮಾಡಲು ಹೇಳಿ, ಮಲೆನಾಡಿನವರಿಗೆ ಎಷ್ಟು ಕಡುಬು, ಎಷ್ಟು ಅಕ್ಕಿರೊಟ್ಟಿ ಅಂತ ಲೆಕ್ಕದಲ್ಲಿ ಹೇಳಿ. ರಂಜಾನ್ ಉಪವಾಸ ಮಾಡುವ ಶುಗರ್ ಪೇಷಂಟ್‌ಗೆ ತಿಂಗಳ ಮುಂಚೆಯೇ ಡಾಕ್ಟರ್ ಭೇಟಿ ಮಾಡಿಸಿ, ಶುಗರ್ 70ಕ್ಕಿಂತ ಕೆಳಗಿಳಿದರೆ ಅವತ್ತು ಉಪವಾಸ ಮುರಿಯಲೇಬೇಕು ಅಂತ ಮನೆಯವರಿಗೂ ಹೇಳಿ.

ಕೊನೆಗೆ ‘ಅರ್ಥ ಆಯ್ತಾ?’ ಅಂತ ಮಾತ್ರ ಕೇಳಬೇಡಿ, ಎಲ್ಲರೂ ಹ್ಞೂಂ ಅನ್ನುತ್ತಾರೆ. ‘ಮನೆಗೆ ಹೋದ್ಮೇಲೆ ಯಜಮಾನ್ರು ಕೇಳಿದ್ರೆ ಈ ಮಾತ್ರೆ ಹೇಗೆ ತಗೋಬೇಕು ಅಂತ ಹೇಳ್ತೀರಾ?’ ಅಂತ ಕೇಳಿ, ಅವರ ಬಾಯಿಂದ ಬರಲಿ. ಓದು ಬಾರದವರಿಗೆ ಸ್ಟ್ರಿಪ್ ಮೇಲೆ ಪೆನ್ನಲ್ಲಿ ಸೂರ್ಯ, ಚಂದ್ರ ಬರೆದು ಕೊಡಿ. ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ (ಕೆಎಫ್‌ಡಿ) ಕಾಲ, ಆಗ ಜ್ವರ ಅಂತ ಯಾರೇ ಬಂದರೂ ಕಾಡಿಗೆ ಹೋಗಿದ್ರಾ, ಉಣುಗು (ಉಣ್ಣೆ ಹುಳ) ಕಚ್ಚಿತ್ತಾ, ಮಂಗ ಸತ್ತಿದ್ದು ನೋಡಿದ್ರಾ ಅಂತ ಕೇಳೋದು ಮರೀಬೇಡಿ. ಹೊರಗಿನಿಂದ ಬಂದವರಿಗೆ ಉಣುಗು ಅಂದರೆ ಗೊತ್ತಾಗಲ್ಲ, ಫೋಟೋ ತೋರಿಸಿ.