ಮಲ್ಪೆಯಲ್ಲಿ ಮಕ್ಕಳ ರಜೆ: ಬಂದರಿನ ಟೈಮಿಗೆ ನಮ್ಮ ಟೈಮ್ ಹೊಂದಿಸಿಕೊಂಡಿದ್ದು

ನಮ್ಮ ದಾವಣಗೆರೆ ಕಡೆಯವರಿಗೆ ಸಮುದ್ರ ಅಂದರೆ ಸಂಜೆ ಒಂದು ಗಂಟೆಯ ಕೆಲಸ. ಶೃಂಗೇರಿ, ಹೊರನಾಡು, ಧರ್ಮಸ್ಥಳ ಎಲ್ಲಾ ಮುಗಿಸಿ, ಉಡುಪಿಯಲ್ಲಿ ಕೃಷ್ಣನ ದರ್ಶನ ಮಾಡಿ, ಕತ್ತಲಾಗೋ ಮುಂಚೆ ಮಲ್ಪೆಗೆ ಓಡಿ ಕಾಲು ನೆನೆಸಿಕೊಂಡು ಬರುವುದು. ನಾನು ಚಿಕ್ಕವಳಿದ್ದಾಗ ನೋಡಿದ್ದೂ ಹಾಗೇ. ಮಕ್ಕಳನ್ನು ಕರೆದುಕೊಂಡು ಹೊರಟಾಗ ಇದನ್ನು ತಿರುವಿ ಹಾಕಿದೆವು. ಊರೂರು ಸುತ್ತುವುದು ಬೇಡ. ಇರುವಷ್ಟು ದಿನ ಮಲ್ಪೆಯಲ್ಲೇ ಇರೋಣ. ದಿನಕ್ಕೆ ಒಂದೇ ಕಡೆ ಹೋಗೋಣ.

ನಮ್ಮ ತಂಡ ಹೀಗಿತ್ತು: ನಾಲ್ಕನೇ ಕ್ಲಾಸಿನ ಮಗಳು, ಇನ್ನೂ ಅಂಗನವಾಡಿ ವಯಸ್ಸಿನ ಮಗ, ನಾನು, ನನ್ನವರು, ಜೊತೆಗೆ ಅತ್ತೆ. ನಾವು ಮೀನು ತಿನ್ನುತ್ತೇವೆ, ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮೀನಿನ ಬಂದರಿಗೆ ಅವರನ್ನು ಕರೆದುಕೊಂಡು ಹೋಗುತ್ತೀಯಾ ಅಂತ ನೆಂಟರೆಲ್ಲ ನಕ್ಕಿದ್ದರು.

ಮೊದಲು ತಿಂಗಳು ನೋಡಬೇಕು. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು. ಆಗ ಹೋದರೆ ಬಂದರಿನ ತುಂಬಾ ಸಾಲಾಗಿ ಕಟ್ಟಿಹಾಕಿದ ಬೋಟುಗಳು ಕಾಣುತ್ತವೆ, ಗಲಾಟೆ ಕಾಣುವುದಿಲ್ಲ. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೂ ಮಳೆಗಾಲ ಮುಗಿಯುವ ತನಕ ಬಂದ್. ಬೀಚಿನ ಉದ್ದಕ್ಕೂ ಬಲೆ ಕಟ್ಟಿ ಜನ ನೀರಿಗೆ ಇಳಿಯದಂತೆ ತಡೆಯುತ್ತಾರೆ. ಹಾಗಾಗಿ ಸ್ಕೂಲ್ ರಜೆಗೆ ಹೊಂದುವುದು ಎರಡೇ: ದಸರಾ ರಜೆ, ಇಲ್ಲವಾದರೆ ಏಪ್ರಿಲ್. ಏಪ್ರಿಲ್‌ನಲ್ಲಿ ಕರಾವಳಿಯ ಸೆಖೆ ನಮ್ಮಂಥ ಬಯಲುಸೀಮೆಯವರಿಗೆ ಆಗಿಬರುವುದಿಲ್ಲ. ದಾವಣಗೆರೆಯ ಬಿಸಿಲು ಒಣ ಬಿಸಿಲು, ನೆರಳಿಗೆ ಬಂದರೆ ಮುಗೀತು. ಅಲ್ಲಿ ನೆರಳಲ್ಲೂ ಬೆವರು. ನಾವು ಅಕ್ಟೋಬರ್ ಆರಿಸಿದೆವು. ಅಲ್ಲೊಂದು ಇಲ್ಲೊಂದು ಮಳೆ ಬಂತು, ಯಾರಿಗೂ ಬೇಜಾರಾಗಲಿಲ್ಲ.

ಜನವರಿಯಲ್ಲಿ ಹೋಗುವವರು ಒಂದು ವಿಷಯ ನೆನಪಿಡಿ. ಮಕರ ಸಂಕ್ರಾಂತಿಯ ಹೊತ್ತಿಗೆ ಉಡುಪಿಯಲ್ಲಿ ಉತ್ಸವ. ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ, ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಪರ್ಯಾಯ ಬೇರೆ. ಆಗ ಮಲ್ಪೆಯ ತನಕ ರೂಮುಗಳು ತುಂಬಿರುತ್ತವೆ.

ರೂಮಿನ ವಿಷಯಕ್ಕೆ ಬರ್ತೀನಿ. ಬಂದರಿನ ಊರಲ್ಲಿ "ಸೀ ವ್ಯೂ" ಅನ್ನುವುದಕ್ಕಿಂತ ಕಿಟಕಿ ಯಾವ ಕಡೆ ತೆರೆಯುತ್ತದೆ ಅನ್ನುವುದು ಮುಖ್ಯ. ನಾವು ಮೊದಲು ಇಳಿದ ಜಾಗದ ಫೋಟೋದಲ್ಲಿ ಸಮುದ್ರ ಇತ್ತು. ಹೋದಾಗಲೂ ಇತ್ತು, ಆದರೆ ಐಸ್ ಪ್ಲಾಂಟಿನ ಹಿಂದೆ. ಮೀನಿಗೆ ಐಸ್ ಬೇಕು, ಹಾಗಾಗಿ ರಾತ್ರಿಯಿಡೀ ಐಸ್ ಪುಡಿಮಾಡುವ ಸದ್ದು, ಲಾರಿಗಳ ರಿವರ್ಸ್ ಹಾರ್ನ್. ಮಗ ಖುಷಿಯಾಗಿ ಕಿಟಕಿಗೆ ಅಂಟಿಕೊಂಡ, ಉಳಿದವರಿಗೆ ನಿದ್ದೆ ಇಲ್ಲ. ಮರುದಿನವೇ ವಡಭಾಂಡೇಶ್ವರದ ಕಡೆ ಒಂದು ಮನೆಗೆ ಬದಲಿಸಿದೆವು. ಬೀಚಿಗೆ ನಡೆದು ಹೋಗುವಷ್ಟು ಹತ್ತಿರ, ಬಂದರಿನ ವಾಸನೆಗೆ ಸಾಕಷ್ಟು ದೂರ. ಫೋನಲ್ಲೇ ಕೇಳಬೇಕಾದ ಪ್ರಶ್ನೆಗಳು ಇವು: ಅಡುಗೆಮನೆ ಕೊಡ್ತೀರಾ? ಹೊರಗೆ ಕಾಲು ತೊಳೆಯಲು ನಲ್ಲಿ ಇದೆಯಾ? ಬಟ್ಟೆ ಒಣಹಾಕಲು ಜಾಗ? ಸುತ್ತಮುತ್ತ ಐಸ್ ಪ್ಲಾಂಟ್, ಮೀನಿನ ಶೆಡ್ ಏನಾದ್ರೂ ಇದೆಯಾ? ಕೊನೆಯದನ್ನು ಕೇಳಿದರೆ ಆ ಕಡೆಯವರು ನಗ್ತಾರೆ, ಆದರೂ ಕೇಳಿ.

ಅಡುಗೆಮನೆ ಸಿಕ್ಕಿದ್ದರಿಂದ ಅತ್ತೆಯ ಸಮಸ್ಯೆ ಅರ್ಧ ಮುಗಿಯಿತು. ಇನ್ನರ್ಧವನ್ನು ಉಡುಪಿ ನೋಡಿಕೊಂಡಿತು. ಮಲ್ಪೆಯಿಂದ ಉಡುಪಿ 6 ಕಿ.ಮೀ. ಅಷ್ಟೇ, ಸಿಟಿ ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಸಸ್ಯಾಹಾರಿಗಳಿಗೆ ಉಡುಪಿಯಲ್ಲಿ ಊಟ ಹುಡುಕುವುದು ಒಂದು ಕಷ್ಟವಾ? ನಮ್ಮ ಕಾರು ಮನೆ ಮುಂದೆಯೇ ನಿಂತಿತ್ತು. ಮಗಳಿಗೆ ಆ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಸೀಟಿ ಊದುವುದೇ ಒಂದು ಆಟ.

ದಿನದ ಲೆಕ್ಕ ಹೀಗಿಟ್ಟುಕೊಂಡೆವು. ಬೆಳಿಗ್ಗೆ ಬೇಗ ಹೊರಗೆ. ಹನ್ನೊಂದರ ಹೊತ್ತಿಗೆ ಮನೆಗೆ. ಊಟ, ನಿದ್ದೆ. ನಾಲ್ಕೂವರೆಯ ಮೇಲೆ ಬೀಚು. ಎಂಟೂವರೆಗೆ ಮಕ್ಕಳು ಮಲಗಬೇಕು. ಸಣ್ಣ ಮಕ್ಕಳು ಹೇಗೂ ಐದೂವರೆಗೆ ಏಳ್ತಾರೆ, ರಜೆಯಲ್ಲಂತೂ ಇನ್ನೂ ಬೇಗ. ಬೇರೆ ಪ್ರವಾಸದಲ್ಲಿ ಇದು ಶಿಕ್ಷೆ. ಬಂದರಿನ ಊರಲ್ಲಿ ಲಾಭ, ಯಾಕೆಂದರೆ ನೋಡಬೇಕಾದ್ದೆಲ್ಲ ಆಗಲೇ ನಡೆಯುತ್ತದೆ.

ಬಂದರಿಗೆ ಹೋದ ಬೆಳಿಗ್ಗೆಯನ್ನು ಸ್ವಲ್ಪ ವಿವರವಾಗಿ ಹೇಳ್ತೀನಿ. ಮಲ್ಪೆ ರಾಜ್ಯದ ದೊಡ್ಡ ಮೀನುಗಾರಿಕೆ ಬಂದರುಗಳಲ್ಲಿ ಒಂದು. ಉದ್ಯಾವರ ಹೊಳೆ ಕಡಲು ಸೇರುವ ಜಾಗದಲ್ಲಿದೆ. ಆಳಸಮುದ್ರದ ಬೋಟುಗಳು ಹೊರಟರೆ ದಿನಗಟ್ಟಲೆ ಕಡಲಲ್ಲೇ ಇದ್ದು ಬರುತ್ತವೆ. ನಾವು ಹೋದಾಗ ಅಂಥದ್ದೊಂದು ಬೋಟು ದಕ್ಕೆಗೆ, ಅಂದರೆ ಮೀನು ಇಳಿಸುವ ಕಟ್ಟೆಗೆ, ತಾಗಿ ನಿಂತಿತ್ತು. ಹೊಟ್ಟೆಯೊಳಗಿನ ಗೋದಾಮಿನಿಂದ ಒಬ್ಬ ಬುಟ್ಟಿ ಎತ್ತಿ ಕೊಡುತ್ತಾನೆ, ಮೇಲಿನವನು ಹಿಡಿದು ಇನ್ನೊಬ್ಬನಿಗೆ, ಅವನು ದಕ್ಕೆಗೆ. ಬುಟ್ಟಿ ಸುರಿದ ಕಡೆ ಹೆಂಗಸರು ಕುಕ್ಕರಗಾಲಲ್ಲಿ ಕೂತು ವಿಂಗಡಿಸುತ್ತಾರೆ: ಬಂಗುಡೆ ಒಂದು ಕಡೆ, ಬೊಂಡಾಸ್ (ಸ್ಕ್ವಿಡ್) ಒಂದು ಕಡೆ, ಸಿಗಡಿ ಇನ್ನೊಂದು ಕಡೆ. ಕಣ್ಣು ಹಾಯಿಸುವಷ್ಟರಲ್ಲಿ ಕೈ ಕೆಲಸ ಮುಗಿಸಿರುತ್ತದೆ. ಮೇಲೆ ಗರುಡ ಹದ್ದುಗಳು ಸುತ್ತು ಹೊಡೆಯುತ್ತವೆ, ಕೆಳಗೆ ಬೆಳ್ಳಕ್ಕಿ, ಕಾಗೆಗಳದ್ದು ಬೇರೆ ಹರಾಜು. ಒಬ್ಬಾಕೆ ಬೊಂಡಾಸ್ ಒಂದನ್ನು ಮಗನ ಮುಂದೆ ಹಿಡಿದು ಒತ್ತಿದರು. ಕಪ್ಪು ಮಸಿ ಪುಸಕ್ಕನೆ ಬಂತು. ಅವನು ಎರಡು ಹೆಜ್ಜೆ ಹಿಂದೆ ಹೋಗಿ, ಆಮೇಲೆ "ಇನ್ನೊಂದ್ಸಲ" ಅಂದ.

ಆದರೆ ಅದು ಆಟದ ಜಾಗ ಅಲ್ಲ. ನೆಲ ಜಾರುತ್ತದೆ, ಟೆಂಪೋಗಳು ಹಿಂದೆ ಬರುತ್ತಿರುತ್ತವೆ, ದಕ್ಕೆಯ ಅಂಚಿಗೆ ಕಟಕಟೆ ಇಲ್ಲ. ಒಂದು ಮಗುವಿಗೆ ಒಬ್ಬ ದೊಡ್ಡವರು ಅನ್ನುವ ಲೆಕ್ಕ ಇಲ್ಲದೆ ಹೋಗಬೇಡಿ. ಹಿಡಿತ ಇರುವ ರಬ್ಬರ್ ಚಪ್ಪಲಿ ಹಾಕಿಸಿ, ಹಳೇ ಬಟ್ಟೆ ಹಾಕಿಸಿ. ಫೋಟೋ ತೆಗೆಯುವ ಮುಂಚೆ ಕೇಳಿ. ಅವರು ದುಡಿಮೆಯಲ್ಲಿರುತ್ತಾರೆ, ನಮ್ಮ ರಜೆಗೆ ಪೋಸ್ ಕೊಡಲು ಬಂದವರಲ್ಲ. ಅರ್ಧ ಗಂಟೆ ಸಾಕು. ಅಷ್ಟರಲ್ಲಿ ಮಕ್ಕಳ ಮೂಗು ಸೋಲುತ್ತದೆ. ಅತ್ತೆ ಆ ಹೊತ್ತಿಗೆ ವಡಭಾಂಡೇಶ್ವರ ದೇವಸ್ಥಾನದಲ್ಲಿದ್ದರು. ಯಾರೂ ಯಾರನ್ನೂ ಒಪ್ಪಿಸಬೇಕಾಗಿ ಬರಲಿಲ್ಲ.

ಮಗಳಿಗೆ ಒಂದು ಕೆಲಸ ಕೊಟ್ಟಿದ್ದೆ. ಬೋಟುಗಳ ಮೇಲೆ ಬರೆದ ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು. ದೇವರ ಹೆಸರು, ಅಮ್ಮನ ಹೆಸರು, ಕನ್ನಡ, ಇಂಗ್ಲಿಷ್, ಎಲ್ಲಾ ಇದ್ದವು. ಒತ್ತಕ್ಷರ ಅಂದರೆ ಮುಖ ಸಿಂಡರಿಸುವ ಹುಡುಗಿ ಪುಟಗಟ್ಟಲೆ ಬರೆದಳು. ಟೀಚರ್‌ಗೆ ತೋರಿಸಲು ಒಯ್ದಳು ಕೂಡ.

ಆ ದಿನ ಸಂಜೆ ಬೀಚಿನಲ್ಲಿ ಅತ್ತೆ ಮಧ್ವಾಚಾರ್ಯರ ಕಥೆ ಹೇಳಿದರು. ಬಿರುಗಾಳಿಗೆ ಸಿಕ್ಕ ಹಡಗು, ದಡದಲ್ಲಿ ನಿಂತು ಬಟ್ಟೆ ಬೀಸಿದ ಆಚಾರ್ಯರು, ಹಡಗಿನವನು ಕೊಟ್ಟ ಗೋಪಿಚಂದನದ ಗಡ್ಡೆ, ಅದರೊಳಗೆ ಬಲರಾಮ, ಕೃಷ್ಣ. ಬಲರಾಮ ಮಲ್ಪೆಯಲ್ಲೇ, ವಡಭಾಂಡೇಶ್ವರ ದೇವಸ್ಥಾನದಲ್ಲಿ ಉಳಿದ, ಕೃಷ್ಣ ಉಡುಪಿಗೆ ಹೋದ. ಅದೇ ಮರಳಲ್ಲಿ ಕೂತು ಕೇಳಿದ್ದಕ್ಕೋ ಏನೋ, ಮರುದಿನ ಮಠಕ್ಕೆ ಹೋದಾಗ ಕಿಂಡಿಯ ಮುಂದಿನ ಸಾಲಿನಲ್ಲಿ ಮಕ್ಕಳು ಗಲಾಟೆ ಮಾಡಲಿಲ್ಲ. "ಇವನು ತಮ್ಮ, ಅಣ್ಣ ಅಲ್ಲಿದಾನೆ" ಅಂತ ಮಗ ಹಿಂದಿನವರಿಗೂ ಹೇಳಿದ.

ದ್ವೀಪಕ್ಕೆ ಶನಿವಾರ, ಭಾನುವಾರ ಹೋಗಬೇಡಿ. ವಾರದ ಮಧ್ಯೆ, ಬೆಳಗಿನ ಮೊದಲ ದೋಣಿಗಳಲ್ಲಿ ಹೋಗಿ. ಟಿಕೆಟ್ ತಲೆಗೆ ಕೆಲವು ನೂರು ರೂಪಾಯಿ. ಅರ್ಧ ಗಂಟೆಯೊಳಗಿನ ಪ್ರಯಾಣ. ದೋಣಿ ಹತ್ತುವ ಮುಂಚೆ ಲೈಫ್ ಜಾಕೆಟ್ ಮಕ್ಕಳ ಅಳತೆಯದ್ದಾ ಅಂತ ನೋಡಿ. ದೊಡ್ಡವರ ಜಾಕೆಟ್ ಹಾಕಿದರೆ ಸಣ್ಣ ಮಗು ಕೆಳಗಿಂದ ಜಾರಿ ಹೋಗುತ್ತದೆ. ಇಳಿಯುವಾಗ ಮೊಣಕಾಲುದ್ದ ನೀರಿಗೆ ಇಳಿಯಬೇಕಾಗಿ ಬರಬಹುದು, ಚಡ್ಡಿಯಲ್ಲಿದ್ದರೆ ಸುಲಭ. ಅತ್ತೆಗೆ ಮೊಣಕಾಲು ನೋವು, ಅವರು ದಡದಲ್ಲೇ ಉಳಿದರು.

ಅಲ್ಲಿ ಕಲ್ಲುಗಳನ್ನು ನೋಡಬೇಕು. ಕೊಯ್ದು ನಿಲ್ಲಿಸಿದ ಕಂಬಗಳು ಸಾಲುಸಾಲಾಗಿ, ಹೆಚ್ಚಿನವು ಐದು, ಆರು ಮೂಲೆಯವು. ಲಾವಾ ನಿಧಾನವಾಗಿ ಆರುವಾಗ ಕುಗ್ಗಿ ಬಿರುಕು ಬಿಟ್ಟು ಹೀಗಾಗಿದ್ದು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲದಲ್ಲಿ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ಬೇಸಿಗೆಯಲ್ಲಿ ನಮ್ಮ ಕೆರೆಯ ಅಂಗಳದ ಕೆಸರು ಒಣಗಿ ತುಂಡುತುಂಡಾಗುತ್ತದಲ್ಲ, ಹಾಗೇ ಅಂದೆ. ಮಗಳಿಗೆ ತಕ್ಷಣ ಅರ್ಥವಾಯಿತು. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಇಳಿದಿದ್ದ ಅಂತಾರೆ. ಅದಕ್ಕೆ ಅವಳು ಅಷ್ಟೇನೂ ಕಿವಿಗೊಡಲಿಲ್ಲ, ಮೂಲೆ ಎಣಿಸುವುದರಲ್ಲಿ ಮುಳುಗಿದ್ದಳು. ಒಂದು ಕಡೆ ದಡದಲ್ಲಿ ಮರಳಿಗಿಂತ ಕಪ್ಪೆಚಿಪ್ಪೇ ಜಾಸ್ತಿ. ಬರಿಗಾಲಲ್ಲಿ ಓಡಿದರೆ ಕುಯ್ಯುತ್ತದೆ. ಈಜುವ ಆಸೆ ಇಟ್ಟುಕೊಂಡು ಹೋಗಬೇಡಿ, ಕಲ್ಲುಗಳ ನಡುವೆ ಅಲೆಯ ಎಳೆತ ಜೋರು. ಟೋಪಿ, ನೀರು ಬೇಕೇ ಬೇಕು. ಎರಡು ಗಂಟೆ ಇದ್ದು ವಾಪಸ್ ಬಂದರೆ ಎಲ್ಲರೂ ನಗುತ್ತಲೇ ಬರ್ತಾರೆ. ಅದಕ್ಕಿಂತ ಹೆಚ್ಚು ಕೂತರೆ ಬಿಸಿಲಿಗೆ ಜಗಳ ಶುರು.

ನೀರಿನ ವಿಷಯದಲ್ಲಿ ನಮ್ಮದು ಒಂದೇ ಕಾನೂನು: ಮಗನಿಗೆ ಮೊಣಕಾಲು, ಮಗಳಿಗೆ ಸೊಂಟ, ಕಾಯುವ ದೊಡ್ಡವರ ಕೈಯಲ್ಲಿ ಫೋನ್ ಇರಬಾರದು. ಲೈಫ್‌ಗಾರ್ಡ್ ಇರುವ ಕಡೆಯೇ ಇಳಿಯಬೇಕು. ಸೀಟಿ ಹೊಡೆದರೆ ವಾದ ಇಲ್ಲ. ಇಳಿತದ ಹೊತ್ತು ನೋಡಿಕೊಂಡರೆ ಮರಳು ಅಗಲವಾಗಿ ಸಿಗುತ್ತದೆ, ಕೋಟೆ ಕಟ್ಟಲು ಗಟ್ಟಿ ಮರಳು. ಉಬ್ಬರ, ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತವೆ. ಇವತ್ತು ಐದಕ್ಕೆ ಇಳಿತ ಇದ್ದರೆ ನಾಳೆ ಆರರ ಹತ್ತಿರ. ದಡಕ್ಕೆ ಬಿದ್ದ ಲೋಳೆಮೀನನ್ನು ಸತ್ತಿದ್ದರೂ ಮುಟ್ಟಬಾರದು.

ಕೋಡಿಬೆಂಗ್ರೆಗೆ ಹೋಗುವ ರಸ್ತೆ ಮಕ್ಕಳಿಗೆ ಬಹಳ ಹಿಡಿಸಿತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸ್ವರ್ಣಾ ನದಿ, ಮಧ್ಯೆ ತೆಳ್ಳಗೆ ಊರು. ತುದಿಯಲ್ಲಿ ಅಳಿವೆ. ಅಲ್ಲಿ ನೋಡುವುದಷ್ಟೇ. ಹೊಳೆ ನೀರು ಕಡಲಿಗೆ ನುಗ್ಗುವ ಕಡೆ ಮೇಲೆ ಶಾಂತವಾಗಿ ಕಂಡರೂ ಅಡಿಯಲ್ಲಿ ಸೆಳೆತ ಇರುತ್ತದೆ. ಸ್ಥಳೀಯರೇ ಅಲ್ಲಿ ಆಟಕ್ಕೆ ಇಳಿಯುವುದಿಲ್ಲ.

ಪಡುಕೆರೆ ಕಡೆ ಕೈರಂಪಣಿ ನೋಡಲು ಸಿಕ್ಕಿದ್ದು ಮಾತ್ರ ಪ್ಲಾನಿನಲ್ಲಿ ಇರಲಿಲ್ಲ. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬಂದು, ದಡದಲ್ಲಿ ಎರಡು ಗುಂಪು ನಿಂತು ಎರಡು ತುದಿಯ ಹಗ್ಗ ಎಳೆಯುತ್ತಾರೆ. ಎಳೆಯುತ್ತಾ ಎರಡೂ ಗುಂಪು ಹತ್ತಿರ ಬರುತ್ತವೆ. ಹಗ್ಗದ ಕೊನೆಯಲ್ಲಿ ಮಗಳಿಗೂ ಒಂದು ಜಾಗ ಕೊಟ್ಟರು. ಕೈ ಕೆಂಪಾಯಿತು, ಬಿಡಲಿಲ್ಲ. ಬಂದ ಮೀನು ಸಣ್ಣವು, ಅಷ್ಟೇನೂ ಇರಲಿಲ್ಲ. "ಇಷ್ಟೆಯಾ?" ಅಂತ ಅವಳು ಕೇಳಿದ್ದಕ್ಕೆ ಒಬ್ಬ ಅಜ್ಜ "ನಾಳೆಯೂ ಕಡಲು ಇಲ್ಲೇ ಇರ್ತದೆ ಮಾರಾಯ್ತಿ" ಅಂದರು.

ಕಾಪು ಲೈಟ್‌ಹೌಸ್ 1901ರದ್ದು, ಬಂಡೆಯ ಮೇಲೆ ನಿಂತಿದೆ. ಸಂಜೆ ಸ್ವಲ್ಪ ಹೊತ್ತು ಮಾತ್ರ ಮೇಲೆ ಬಿಡುತ್ತಾರೆ, ಮೊದಲೇ ಕೇಳಿಕೊಂಡು ಹೋಗಿ. ಒಳಗಿನ ಮೆಟ್ಟಿಲು ಕಡಿದು, ಮಗನನ್ನು ಹೊರಲೇಬೇಕಾಯಿತು. ಶುಚಿಯಾದ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಇರುವ ಬೀಚೇ ಬೇಕು ಅನ್ನುವವರಿಗೆ ಇನ್ನೂ ದಕ್ಷಿಣಕ್ಕೆ ಪಡುಬಿದ್ರಿ ಇದೆ. ಶುಚಿಯಾದ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ 2020ರಲ್ಲಿ ಅದಕ್ಕೆ ಸಿಕ್ಕಿತ್ತು. ಸಣ್ಣ ಮಗು ಇದ್ದವರಿಗೆ ಇದು ಸಣ್ಣ ವಿಷಯ ಅಲ್ಲ.

ಊಟದ ಬಗ್ಗೆ: ನೀರುದೋಸೆ ಇದ್ದರೆ ಮಕ್ಕಳ ಹೊಟ್ಟೆಯ ಚಿಂತೆ ಇಲ್ಲ. ಮೀನು ಹೊಸದಾಗಿ ತಿನ್ನುವ ಮಕ್ಕಳಿಗೆ ಬೂತಾಯಿ ಬೇಡ, ಮುಳ್ಳು ಜಾಸ್ತಿ. ಅಂಜಲ್ ತುಂಡು ಕೊಡಿ, ನಡುವಿನ ಮೂಳೆ ತೆಗೆದರೆ ಉಳಿದದ್ದು ಬರೀ ಮಾಂಸ. ಕಾಣೆಯೂ ಚೆನ್ನ, ಬೆನ್ನುಮೂಳೆ ಉದ್ದಕ್ಕೆ ಬಿಟ್ಟುಕೊಳ್ಳುತ್ತದೆ. ರವಾ ಫ್ರೈ ಹೇಳುವಾಗ ಖಾರ ಕಮ್ಮಿ ಅನ್ನಿ, ಎರಡು ಸಲ ಅನ್ನಿ. ಕುಚ್ಚಲಕ್ಕಿ ಅನ್ನ ನಮ್ಮ ಮಕ್ಕಳಿಗೆ ಹಿಡಿಸಲಿಲ್ಲ, ಬೆಳ್ತಿಗೆ (ನಮ್ಮ ಬಿಳಿ ಅಕ್ಕಿಯ) ಅನ್ನ ಕೇಳಿದರೆ ಕೊಡ್ತಾರೆ. ಉಡುಪಿಯ ಗಡ್‌ಬಡ್ ಐಸ್‌ಕ್ರೀಮ್ ಒಂದು ಗ್ಲಾಸ್ ತಗೊಂಡು ಇಬ್ಬರಿಗೆ ಹಂಚಿ. ಜಗಳ ಆಗುತ್ತದೆ, ಆದರೂ ಹಂಚಿ.

ದಾರಿ ಬಗ್ಗೆ ಕೊನೆಗೆ. ನಾವು ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಮೇಲೆ ಹೋಗಿ ಬಂದೆವು. ಆಗುಂಬೆ ತಿರುವುಗಳಲ್ಲಿ ವಾಂತಿ ಮಾಡುವ ಮಕ್ಕಳಿದ್ದರೆ ಹೊಟ್ಟೆ ತುಂಬಾ ತಿನ್ನಿಸಿ ಹತ್ತಬೇಡಿ, ಪೂರ್ತಿ ಖಾಲಿಯೂ ಬೇಡ. ಎರಡು ಇಡ್ಲಿ ಸಾಕು. ಫೋನ್ ಕೊಡಬಾರದು, ಹೊರಗೆ ನೋಡುತ್ತಿರಬೇಕು. ವಾಪಸ್ ಬರುವಾಗ ಬೆಳಿಗ್ಗೆ ಆರಕ್ಕೆ ಹೊರಟು ಸೋಮೇಶ್ವರದಲ್ಲಿ ಹತ್ತು ನಿಮಿಷ ಇಳಿಸಿ ಓಡಾಡಿಸಿದೆವು, ಆಮೇಲೆ ಘಾಟಿ ಹತ್ತಿದೆವು. ಹಿಂದಿನ ದಿನ ನಾನು ಕೊಂಡಿದ್ದ ಒಣಮೀನಿನ ಪೊಟ್ಟಣಕ್ಕೆ ಮಾತ್ರ ಅತ್ತೆ ಕಾರಿನೊಳಗೆ ಜಾಗ ಕೊಡಲಿಲ್ಲ. ಮೂರು ಪ್ಲಾಸ್ಟಿಕ್ ಸುತ್ತಿ, ಡಬ್ಬಕ್ಕೆ ಹಾಕಿ, ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಇಟ್ಟುಕೊಂಡು ಬಂದೆ.