ಪಕ್ಕದ ರಸ್ತೆಯ ಗ್ಯಾಸ್ ಮೀಟರ್ ನಿಮಗೂ ಸಿಗಬೇಕಾದರೆ: ಸುರಕ್ಷತಾ ಗುಂಪುಗಳನ್ನು ಜೋಡಿಸುವುದು ಹೇಗೆ?

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಯಾವುದೇ ರಸ್ತೆಯಲ್ಲಿ ನಡೆದು ನೋಡಿ. ಒಂದು ತುದಿಯಲ್ಲಿ ಸಾವಿರ ಜನರ ಫ್ಯಾಕ್ಟರಿ ಇರುತ್ತದೆ. ಅಲ್ಲಿ ಸೇಫ್ಟಿ ಆಫೀಸರ್, ಆಂಬುಲೆನ್ಸ್, ಆಗಾಗ ಸಭೆ ಎಲ್ಲಾ ಇದೆ. ಇನ್ನೊಂದು ತುದಿಯಲ್ಲಿ ಹದಿನೈದು ಜನರ ಪ್ರೆಸ್ ಶಾಪ್, ಅಂದರೆ ಮೆಷಿನ್‌ನಲ್ಲಿ ತಗಡು ಒತ್ತಿ ಬಿಡಿಭಾಗ ಮಾಡುವ ಶೆಡ್ಡು. ಅಲ್ಲಿರುವುದು ತುಕ್ಕು ಹಿಡಿದ ಒಂದು ಫಸ್ಟ್ ಏಡ್ ಡಬ್ಬಿ. ದೊಡ್ಡವರ ಗಾಡಿಗೆ ಬೇಕಾದ ವಾಷರ್, ಬ್ರಾಕೆಟ್ ತಯಾರಾಗುವುದು ಇಲ್ಲಿ. ಬೆರಳು ಹೋಗುವುದೂ ಇಲ್ಲೇ.

1948ರ ಫ್ಯಾಕ್ಟರಿ ಕಾಯ್ದೆ ಪ್ರಕಾರ ಸೇಫ್ಟಿ ಆಫೀಸರ್ ಇರಬೇಕಿದ್ದದ್ದು 1000 ಕಾರ್ಮಿಕರಿದ್ದರೆ. 2025ರ ನವೆಂಬರ್‌ನಲ್ಲಿ ಜಾರಿಯಾದ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆ ಅದನ್ನು 500ಕ್ಕೆ ಇಳಿಸಿತು, ಅಪಾಯದ ಪ್ರಕ್ರಿಯೆ ಇದ್ದರೆ 250. ಹದಿನೈದು ಜನರ ಶೆಡ್ಡು ಯಾವ ಲೆಕ್ಕಕ್ಕೂ ಬರಲ್ಲ. ಅವರಿಗೆ ಸೇಫ್ಟಿ ಆಫೀಸರ್ ಅಂತ ಯಾರಾದರೂ ಇದ್ದರೆ ಅದು ಅಕ್ಕಪಕ್ಕದವರೇ.

ಮೊದಲು ಯಾರ್ಯಾರಿದ್ದಾರೆ ನೋಡಿ

ಹೊಸ ಸಂಘ ಕಟ್ಟಬೇಡಿ ದಯವಿಟ್ಟು. ನಿಮ್ಮ ಏರಿಯಾದಲ್ಲಿ ಆಗಲೇ ಗುಂಪುಗಳಿರುತ್ತವೆ, ಒಂದಕ್ಕೊಂದು ಮಾತಾಡುವುದಿಲ್ಲ ಅಷ್ಟೇ. ದೊಡ್ಡ ಕಂಪನಿಗಳ ಸೇಫ್ಟಿ ಆಫೀಸರ್‌ಗಳದ್ದು ಒಂದು ವಾಟ್ಸಾಪ್ ಗುಂಪು, ಸಣ್ಣ ಮಾಲೀಕರದ್ದು ಒಂದು ಸಂಘ, ಯೂನಿಯನ್‌ನವರು ಬೇರೆ, ಜೊತೆಗೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಡಿಸ್ಪೆನ್ಸರಿಯ ಡಾಕ್ಟರು ಮತ್ತು ಫೈರ್ ಸ್ಟೇಷನ್. ಒಂದು ಹಾಳೆಯಲ್ಲಿ ಇಷ್ಟನ್ನೂ ಬರೆಯಿರಿ. ಪ್ರತಿಯೊಂದರ ಮುಂದೆ ಒಂದೇ ಹೆಸರು, ಒಂದೇ ನಂಬರ್. ಆ ನಂಬರ್ ಅಧ್ಯಕ್ಷರದ್ದಾಗಬಾರದು, ರಾತ್ರಿ ಎರಡಕ್ಕೆ ಫೋನ್ ಎತ್ತುವವರದ್ದಾಗಬೇಕು.

ಒಪ್ಪಂದ ಆಮೇಲೆ, ಎರವಲು ಮೊದಲು

ಬಹಳ ಜನ ಎಡವುವುದು ಇಲ್ಲೇ. ಹಾಲ್ ಬುಕ್ ಮಾಡಿ, ಬ್ಯಾನರ್ ಕಟ್ಟಿ, ಶಾಲು ಹೊದಿಸಿ, ಎರಡು ಸಂಘಗಳು ಒಪ್ಪಂದಕ್ಕೆ ಸಹಿ ಹಾಕುತ್ತವೆ, ಫೋಟೊ ಬರುತ್ತದೆ, ಮುಂದಿನ ಮಾರ್ಚ್ 4ರ ಸುರಕ್ಷತಾ ದಿನದವರೆಗೆ ಯಾರೂ ಯಾರಿಗೂ ಫೋನ್ ಮಾಡುವುದಿಲ್ಲ. ಅದರ ಬದಲು ಒಂದು ವಸ್ತುವನ್ನು ಕೊಟ್ಟು ತಗೊಳ್ಳುವುದರಿಂದ ಶುರುಮಾಡಿ.

ನನ್ನ ಆಯ್ಕೆ ಗ್ಯಾಸ್ ಮೀಟರ್, ಅಂದರೆ ಟ್ಯಾಂಕಿನೊಳಗಿನ ಗಾಳಿ ಉಸಿರಾಡಲು ಸರಿಯಿದೆಯೇ ಅಂತ ತೋರಿಸುವ ಉಪಕರಣ. 2022ರ ಏಪ್ರಿಲ್‌ನಲ್ಲಿ ಮಂಗಳೂರು ಹತ್ತಿರದ ಬಜ್ಪೆಯಲ್ಲಿ ಮೀನು ಸಂಸ್ಕರಣೆ ಘಟಕದ ತ್ಯಾಜ್ಯದ ಟ್ಯಾಂಕಿಗೆ ಒಬ್ಬ ಬಿದ್ದ. ಅವನನ್ನು ಎತ್ತಲು ಉಳಿದವರು ಇಳಿದರು. ಕೊನೆಗೆ ಸತ್ತವರು ಐದು ಜನ, ಎಲ್ಲರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. ಇಂಥ ಟ್ಯಾಂಕಿನಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷಾನಿಲಕ್ಕೆ ಮೊದಲು ಕೊಳೆತ ಮೊಟ್ಟೆ ವಾಸನೆ ಇರುತ್ತದೆ. ಜಾಸ್ತಿ ಆದಾಗ ಮೂಗೇ ಕೆಲಸ ನಿಲ್ಲಿಸುತ್ತದೆ. ವಾಸನೆ ಹೋಯ್ತು, ಗಾಳಿ ಸರಿಯಾಯ್ತು ಅಂದುಕೊಂಡು ಇಳಿಯುತ್ತಾರೆ. ಆಮ್ಲಜನಕ, ಉರಿಯುವ ಅನಿಲ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ನಾಲ್ಕನ್ನೂ ಅಳೆಯುವ ಮೀಟರ್ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ವರ್ಷಕ್ಕೆ ಎರಡು ಸಲ ಟ್ಯಾಂಕ್ ತೊಳೆಸುವ ಸಣ್ಣ ಘಟಕ ಅದನ್ನು ಕೊಳ್ಳುವುದಿಲ್ಲ. ಕೊಳ್ಳಬೇಕು ಅಂತ ನಾವು ಎಷ್ಟು ಭಾಷಣ ಮಾಡಿದರೂ ಕೊಳ್ಳುವುದಿಲ್ಲ. ಎರಡು ಬೀದಿ ಆಚೆಯ ದೊಡ್ಡ ಫ್ಯಾಕ್ಟರಿಯ ಕಪಾಟಿನಲ್ಲಿ ಅದು ಸುಮ್ನೆ ಬಿದ್ದಿರುತ್ತದೆ.

ಹಾಗಂತ ಮೀಟರ್ ಒಂದನ್ನೇ ಕೊಟ್ಟು ಕಳಿಸಬೇಡಿ. ಅದರ ಜೊತೆ ಅದನ್ನು ಓದಲು ಬರುವ ಒಬ್ಬ ಮನುಷ್ಯ ಹೋಗಬೇಕು. ಮೀಟರ್‌ಗೆ ಹಗ್ಗ ಕಟ್ಟಿ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ಅಳೆಯಬೇಕು. ಆಮ್ಲಜನಕ ಶೇಕಡಾ 19.5ಕ್ಕಿಂತ ಕೆಳಗಿದ್ದರೆ ಇಳಿಯುವ ಮಾತೇ ಇಲ್ಲ. ಆಳು ಇಳಿದ ಮೇಲೂ ಮೀಟರ್ ಆನ್ ಇರಬೇಕು. ಜೊತೆಗೆ ಟ್ರೈಪಾಡ್ (ಟ್ಯಾಂಕಿನ ಬಾಯಿ ಮೇಲೆ ನಿಲ್ಲಿಸುವ ಮುಕ್ಕಾಲಿ), ಇಡೀ ಮೈಗೆ ಕಟ್ಟುವ ಹಾರ್ನೆಸ್ ಕಳಿಸಿದರೆ ಒಬ್ಬ ಕುಸಿದಾಗ ಇನ್ನೊಬ್ಬ ಇಳಿಯದೆ ಮೇಲಿನಿಂದಲೇ ಎಳೆಯಬಹುದು. ಕೊಟ್ಟದ್ದು, ಬಂದದ್ದು, ಸೆನ್ಸರ್ ಪರೀಕ್ಷೆ ಆದ ದಿನ ಎಲ್ಲಕ್ಕೂ ಒಂದು ನೋಟ್‌ಬುಕ್ ಇಡಿ. ಸೆನ್ಸರ್ ಹಾಳಾದರೆ ದುಡ್ಡು ಯಾರದ್ದು ಅಂತ ಮೊದಲೇ ಮಾತಾಡಿಕೊಳ್ಳಿ. ಇಲ್ಲದಿದ್ದರೆ ಸ್ನೇಹ ಅಲ್ಲಿಗೆ ಮುಗಿಯಿತು.

ಆಮೇಲೆ ತಪ್ಪುಗಳನ್ನು ಹಂಚಿಕೊಳ್ಳಿ

ಇದು ಕಷ್ಟದ ಹಂತ. ಅಪಘಾತ ಆದರೆ ಮಾಲೀಕರು ಬಾಯಿ ಬಿಡುವುದಿಲ್ಲ. ಗಿರಾಕಿ ಕಂಪನಿ ಆರ್ಡರ್ ನಿಲ್ಲಿಸುತ್ತದೆ, ಇನ್‌ಸ್ಪೆಕ್ಟರ್ ಬರುತ್ತಾರೆ ಅನ್ನುವ ಭಯ. ಕೈ ಜಜ್ಜಿದ ಹುಡುಗನನ್ನು ಇಎಸ್‌ಐ ಬಿಟ್ಟು ಯಾವುದೋ ನರ್ಸಿಂಗ್ ಹೋಮಿಗೆ ಕರೆದೊಯ್ಯುವುದೂ ಇದಕ್ಕೇ. ಆದ್ದರಿಂದ ನಿಯಮ ಮೂರೇ: ಕಂಪನಿ ಹೆಸರು ಬೇಡ, ಗಾಯಾಳುವಿನ ಹೆಸರು, ಮುಖ ಬೇಡ, ತಪ್ಪು ಯಾರದ್ದು ಅನ್ನುವ ಚರ್ಚೆ ಬೇಡ. ಏನಾಯಿತು, ಯಾವ ಮೆಷಿನ್, ಈಗ ಏನು ಬದಲಾಯಿಸಿದ್ದೀರಿ ಅಂತ ಒಂದು ನಿಮಿಷದ ವಾಯ್ಸ್ ನೋಟ್ ಸಾಕು. ಇದು ಸರ್ಕಾರಕ್ಕೆ ಕೊಡಬೇಕಾದ ಅಪಘಾತದ ವರದಿಗೆ ಬದಲಿ ಅಲ್ಲ, ಅದನ್ನು ಕೊಡಲೇಬೇಕು.

ನಾನೇ ಕಂಡ ಒಂದು ಉದಾಹರಣೆ. ಒಂದು ಶೆಡ್ಡಿನಲ್ಲಿ ಪ್ರೆಸ್ಸಿಗೆ ಎರಡು ಬಟನ್ ಇತ್ತು, ಎರಡು ಕೈಯಿಂದ ಒತ್ತಿದರೆ ಮಾತ್ರ ಇಳಿಯಬೇಕು, ಆಗ ಡೈ (ತಗಡು ಒತ್ತುವ ಅಚ್ಚು) ಒಳಗೆ ಕೈ ಇರುವುದಿಲ್ಲ ಅಂತ. ಹುಡುಗ ಒಂದು ಬಟನ್‌ಗೆ ಮರದ ಚೂರು ಸಿಕ್ಕಿಸಿ, ಇನ್ನೊಂದನ್ನು ಎಡಗೈಯಲ್ಲಿ ಒತ್ತುತ್ತಾ, ಬಲಗೈಯಲ್ಲಿ ಪೀಸ್ ಇಡುತ್ತಿದ್ದ. ಪೀಸ್ ಲೆಕ್ಕದ ಕೂಲಿ, ಇನ್ನೇನು ಮಾಡುತ್ತಾನೆ? ಗುಂಪಿನಲ್ಲಿ ಹೇಳಿದಾಗ ಬೊಮ್ಮಸಂದ್ರ ಕಡೆಯ ಎಲೆಕ್ಟ್ರಿಷಿಯನ್ ಒಬ್ಬರು, ‘ಬಟನ್‌ಗೂ ಪ್ರೆಸ್ಸಿಗೂ ನಡುವಿನ ಸ್ವಿಚ್, ಆ ರಿಲೇ ಬದಲಾಯಿಸಿ ಸಾರ್, ಎರಡನ್ನೂ ಅರ್ಧ ಸೆಕೆಂಡ್ ಒಳಗೆ ಒತ್ತಿದರೆ ಮಾತ್ರ ಇಳಿಯುತ್ತೆ, ಪ್ರತಿ ಸಲ ಎರಡನ್ನೂ ಬಿಟ್ಟು ಒತ್ತಬೇಕು, ಆಗ ಕಡ್ಡಿ ಸಿಕ್ಕಿಸಿ ಉಪಯೋಗ ಇಲ್ಲ’ ಅಂದರು. ಅವರ ಕಡೆ ಈ ಪಾಠ ಆಗಲೇ ಆಗಿತ್ತು. ನಮ್ಮ ರಸ್ತೆಗೆ ಬಂದಿರಲಿಲ್ಲ. ರಿಲೇ ಹಾಕಿದ ಮೇಲೆ ಪೀಸ್ ಕಡಿಮೆಯಾಯಿತು, ರೇಟಿನ ಬಗ್ಗೆ ಮಾಲೀಕರ ಜೊತೆ ಮತ್ತೆ ಕೂರಬೇಕಾಯಿತು. ಅದನ್ನು ಮರೆತು ಬರೀ ರಿಲೇ ಹಾಕಿದರೆ ಹುಡುಗರು ಇನ್ನೊಂದು ಉಪಾಯ ಹುಡುಕುತ್ತಾರೆ.

ಸಭೆ ಎಲ್ಲಿ, ಯಾರ ಜೊತೆ

ಹಾಲ್ ಬೇಡ. ಪ್ರತಿ ಸಲ ಒಬ್ಬೊಬ್ಬರ ಫ್ಯಾಕ್ಟರಿಯಲ್ಲಿ ಸೇರಿ. ಇಪ್ಪತ್ತು ನಿಮಿಷ ಒಳಗೆ ನಡೆದು ನೋಡುವುದು, ಅರ್ಧ ಗಂಟೆ ಮಾತು, ಟೀ. ಶಿಫ್ಟ್ ಬದಲಾಗುವ ಸಮಯ ಒಳ್ಳೆಯದು, ಎರಡೂ ಪಾಳಿಯವರು ಸಿಗುತ್ತಾರೆ.

ಕಾರ್ಮಿಕರು ಇರಲೇಬೇಕು, ಅದೂ ಅರ್ಧಕ್ಕರ್ಧ. 1984ರ ಭೋಪಾಲ್ ದುರಂತ ಆದಮೇಲೆ, 1987ರಲ್ಲಿ ಫ್ಯಾಕ್ಟರಿ ಕಾಯ್ದೆ ತಿದ್ದಿದಾಗ ಅಪಾಯಕಾರಿ ಕಾರ್ಖಾನೆಗಳ ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರು, ಆಡಳಿತದವರು ಸಮ ಸಂಖ್ಯೆಯಲ್ಲಿರಬೇಕು ಅಂತ ಬರೆದರು. ಸಣ್ಣವರಿಗೆ ಕಡ್ಡಾಯ ಅಲ್ಲದಿದ್ದರೂ ಅದನ್ನೇ ಹಿಡಿಯಿರಿ. ಸಭೆಗೆ ಬಂದ ಗಂಟೆಯ ಕೂಲಿ ಕತ್ತರಿಸಬಾರದು. ಒಡಿಯಾ, ಬಂಗಾಳಿ ಮಾತಾಡುವವರಿದ್ದರೆ ಅವರ ಭಾಷೆ ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿ.

ಇಷ್ಟಾದ ಮೇಲೆ ಒಂದು ಪುಟದ ಒಪ್ಪಂದ ಬರೆಯಬಹುದು. ಏನು ಕೊಡುತ್ತೇವೆ, ಯಾರಿಗೆ ಫೋನ್ ಮಾಡಬೇಕು, ಯಾರು ರಿಪೇರಿ ಮಾಡಿಸುತ್ತಾರೆ. ಎರಡನೇ ಪುಟ ಬೇಕಾಯಿತು ಅಂದರೆ ವಕೀಲರು ಒಳಗೆ ಬಂದಿದ್ದಾರೆ ಅಂತ ಅರ್ಥ.

ನಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈಗಲೂ ಒಂದು ಸಾಲಿದೆ: ‘ಮೀಟರ್ ವಾಪಸ್ ಬಂದಿದೆ, ಚಾರ್ಜರ್ ಬಂದಿಲ್ಲ.’ ಕೆಳಗೆ ಬೇರೆ ಕೈಬರಹ: ‘ಚಾರ್ಜರ್ ಸೆಕ್ಯುರಿಟಿ ಹತ್ರ ಇದೆ, ನಾಳೆ ಟ್ಯಾಂಕ್ ಇದೆ, ಹುಡುಗನ್ನೂ ಕಳಿಸಿ.’