ಚಿಕ್ಕಪೇಟೆ ಸೀರೆ ಅಂಗಡಿಯಲ್ಲಿ ಕಲಿತದ್ದು

ಮನೆಯಿಂದಲೇ ಸೀರೆ ಮಾರುವ ಗೆಳತಿಯರಿಗೆ ಒಂದು ಸಲಹೆ. ಒಂದು ಮಧ್ಯಾಹ್ನ ಸುಮ್ನೆ ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿ, ಯಾವುದಾದರೂ ಅಂಗಡಿಯ ಗಾದಿ ಮೇಲೆ ಕೂತು ಬನ್ನಿ.

ಮೊನ್ನೆ ನಾನು ಒಂದೇ ಒಂದು ಇಳಕಲ್ ಸೀರೆಗೆ ಅಂತ ಹೋದೆ. "ನೋಡೋಕೆ ದುಡ್ಡಿಲ್ಲ ಅಕ್ಕಾ, ಬನ್ನಿ" ಅಂತ ಕೂರಿಸಿದರು. ಎಷ್ಟು ರೂಪಾಯಿ ಒಳಗೆ ಬೇಕು ಅಂತ ಕೇಳಲೇ ಇಲ್ಲ. "ಯಾರಿಗೆ? ದಿನಾ ಉಡೋಕಾ, ಮದುವೆಗಾ?" ಅಂದರು. ಅತ್ತೆಗೆ, ದಿನಾ ಉಡೋಕೆ ಅಂದ ಕೂಡಲೇ ರೇಷ್ಮೆಯೆಲ್ಲ ಪಕ್ಕಕ್ಕೆ ಹೋಯಿತು, ಹತ್ತಿ ಬಂತು. ಸೆರಗು ಬಿಡಿಸಿ, ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿದ ಜಾಗವನ್ನು ಬೆರಳಿಟ್ಟು ತೋರಿಸಿದರು. ಬೆಲೆ ಹೇಳಿದ್ದು ಆಮೇಲೆ. ಆ ಕೊಂಡಿ ನೋಡಿದ ಮೇಲೆ ಚೌಕಾಸಿ ಮಾಡೋಕೆ ನನಗೇ ಸಂಕೋಚ. ಮಾಡಿದೆ ಬಿಡಿ, ಅದು ಬೇರೆ ಮಾತು.

ಅವರ ಕಣ್ಣು ಪೂರಾ ನಮ್ಮ ಕೈ ಮೇಲೆ ಇರುತ್ತದೆ. ಎರಡನೇ ಸಲ ಮುಟ್ಟಿದ ಸೀರೆಯನ್ನು ಮಡಚುವುದಿಲ್ಲ, ಅದು ನಮ್ಮ ಮುಂದೆಯೇ ಉಳಿಯುತ್ತದೆ.

ಬೀದಿಯಲ್ಲಿ ಹಿಂದೆ ಹಿಂದೆ ಬಂದು ಕರೆಯುವುದನ್ನು ಮಾತ್ರ ಕಲಿಯಬೇಡಿ. ಇನ್ನೊಂದು ಅಂಗಡಿಯಲ್ಲಿ ಬೇಡ ಅಂತ ಎದ್ದಿದ್ದಕ್ಕೆ ಮುಖ ಗಂಟು ಹಾಕಿದರು. ಆ ಮೆಟ್ಟಿಲು ಮತ್ತೆ ಹತ್ತಿಲ್ಲ.

ಈಗ ನಾನು ವಾಟ್ಸಾಪ್‌ನಲ್ಲಿ 30 ಫೋಟೊ ಸುರಿಯುವುದಿಲ್ಲ. ಯಾರಿಗೆ ಅಂತ ಮೊದಲು ಕೇಳಿ, ಮೂರು ಕಳಿಸುತ್ತೇನೆ. ಒಂದು ಸೆರಗಿನದ್ದು, ಹತ್ತಿರದಿಂದ ತೆಗೆದದ್ದು. ಉತ್ತರ ಬರದಿದ್ದರೆ ಎರಡು ದಿನ ಬಿಟ್ಟು ಒಂದೇ ಮೆಸೇಜು: "ಆ ಹಸಿರು ಸೀರೆ ಎತ್ತಿಡಲಾ?" ಇದಕ್ಕೆ ಜಾಸ್ತಿ ಜನ ಉತ್ತರ ಕೊಡುತ್ತಾರೆ, ಬೇಡ ಅನ್ನೋಕಾದರೂ.